ಕರೆಂಟ್ ಹೋದರೆ ಯಾವ ಪಾಳಿ ಉಳಿಯುತ್ತದೆ? ಮೆಸೇಜ್ ಬ್ರೋಕರ್ ಆರಿಸಿಕೊಳ್ಳುವವರಿಗೆ

ಈ ಮಳೆಗಾಲದಲ್ಲಿ ಮೂವರು ನನ್ನನ್ನು ಒಂದೇ ಪ್ರಶ್ನೆ ಕೇಳಿದರು. ಮೊದಲನೆಯವನು ತಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರರ ಮಗ. ಬಿಇ ಮುಗಿಸಿ ಊರಿಗೇ ಮರಳಿದವನು ತೋಟದಲ್ಲಿ ನಲವತ್ತು ಕಡೆ ಮಣ್ಣಿನ ತೇವ ಅಳೆಯುವ ಸೆನ್ಸರ್ ನೆಟ್ಟಿದ್ದಾನೆ. ಎರಡನೆಯವರು ಮುಧೋಳ ಸೀಮೆಯ ಒಂದು ಸಕ್ಕರೆ ಕಾರ್ಖಾನೆಯ ಕಂಪ್ಯೂಟರ್ ವಿಭಾಗದವರು. ಕಾಟಾದ ಮೇಲೆ ಟ್ರ್ಯಾಕ್ಟರ್ ತೂಗಿದ ಕೂಡಲೇ ಆ ಅಂಕಿ ಲೆಕ್ಕ ವಿಭಾಗಕ್ಕೂ ಹೋಗಬೇಕು, ರೈತನ ಮೊಬೈಲಿಗೆ ಎಸ್ಸೆಮ್ಮೆಸ್ ಆಗಿಯೂ ಹೋಗಬೇಕು. ಮೂರನೆಯವರು ಬೆಳಗಾವಿ ಉದ್ಯಮಬಾಗದ ಫೌಂಡ್ರಿ ಮಾಲೀಕರು. ಅವರಿಗೆ ಕುಲುಮೆಯ ಉಷ್ಣತೆ ಆಫೀಸಿನ ಪರದೆಯ ಮೇಲೆ ಕಾಣಬೇಕು. ಬೆಂಗಳೂರಿನಲ್ಲಿರುವ ಅವರ ಅಳಿಯ ಆಗಲೇ ತೀರ್ಪು ಕೊಟ್ಟುಬಿಟ್ಟಿದ್ದಾನೆ: "ಕಾಫ್ಕಾ ಹಾಕ್ರಿ ಮಾಮಾ, ಈಗ ಎಲ್ಲಾರೂ ಅದನ್ನ ಹಾಕತಾರ."

ಮೂವರ ಪ್ರಶ್ನೆಯೂ ಇಷ್ಟೇ. "ಲಿನಕ್ಸ್ ಸರ್ವರ್ ರೆಡಿ ಐತ್ರಿ. ಬ್ರೋಕರ್ ಯಾವ್ದು ಹಾಕೂಣು?"

ಫೌಂಡ್ರಿ ಮಾಲೀಕರು ಅದಕ್ಕೊಂದು ಬಾಲ ಸೇರಿಸಿದರು. "ಬ್ರೋಕರ್ ಅಂದ್ರ ದಲಾಲ ಅಲ್ಲೇನ್ರಿ? ಅವಗ ಕಮಿಷನ್ ಎಷ್ಟು?" ನಕ್ಕೆ, ಆದರೆ ಅವರು ಹೇಳಿದ್ದರಲ್ಲಿ ತಪ್ಪೇನಿಲ್ಲ. ಎಪಿಎಂಸಿಯ ಅಡತಿ ಅಂಗಡಿ ನೆನಪಿಸಿಕೊಳ್ಳಿ. ರೈತ ನಸುಕಿನಲ್ಲಿ ಮೆಕ್ಕೆಜೋಳದ ಚೀಲ ಇಳಿಸಿ ಊರಿಗೆ ಹೋಗುತ್ತಾನೆ, ಖರೀದಿದಾರ ಹನ್ನೊಂದಕ್ಕೆ ಬರುತ್ತಾನೆ. ಒಬ್ಬರಿಗಾಗಿ ಒಬ್ಬರು ಕಾಯುವುದಿಲ್ಲ. ನಡುವೆ ಅಡತಿಯವರು ಮಾಲು ಇಳಿಸಿಕೊಂಡು ಚೀಟಿ ಕೊಟ್ಟಿರುತ್ತಾರೆ. ಮೆಸೇಜ್ ಬ್ರೋಕರ್ ಮಾಡುವುದೂ ಅದನ್ನೇ: ಒಂದು ಪ್ರೋಗ್ರಾಮಿನ ಸಂದೇಶ ಇಳಿಸಿಕೊಂಡು ಪಾಳಿಗೆ ಹಚ್ಚುತ್ತದೆ, 'ಮುಟ್ಟಿತು' ಎಂದು ಚೀಟಿ ಕೊಡುತ್ತದೆ, ಇನ್ನೊಂದು ಪ್ರೋಗ್ರಾಮ್ ಬಂದಾಗ ಒಪ್ಪಿಸುತ್ತದೆ. ಪುಸ್ತಕದವರು ಕ್ಯೂ ಅನ್ನುತ್ತಾರೆ, ನಾನು ಇಲ್ಲಿ ಪಾಳಿ ಅನ್ನುತ್ತೇನೆ.

ಅಡತಿ ಅಂಗಡಿ ಆರಿಸುವ ರೈತ ಅಂಗಡಿಯ ತಕ್ಕಡಿ ಎಷ್ಟು ವೇಗವಾಗಿ ತೂಗುತ್ತದೆ ಎಂದು ಕೇಳುವುದಿಲ್ಲ. ಮಳೆ ಹೊಡೆದರೆ ಚೀಲ ನೆನೆಯುತ್ತವೋ ಇಲ್ಲವೋ ಎಂದು ಕೇಳುತ್ತಾನೆ. ಬ್ರೋಕರ್‌ಗಳನ್ನು ಹೋಲಿಸುವವರು ಮಾತ್ರ ತಕ್ಕಡಿಯ ವೇಗವನ್ನೇ ಬರೆಯುತ್ತಾರೆ: ಸೆಕೆಂಡಿಗೆ ಇಷ್ಟು ಲಕ್ಷ, ಅಷ್ಟು ಲಕ್ಷ. ಆ ಲಕ್ಷಗಳು ನಮಗೆ ಯಾಕೆ ಬೇಕು?

ಮೊದಲು ಎಣಿಸಿ

ಕಾರ್ಖಾನೆಗೆ ದಿನಕ್ಕೆ ಸಾವಿರ ಗಾಡಿ ಬರುತ್ತವೆ ಎಂದುಕೊಳ್ಳೋಣ. ತುಂಬಿದ ಗಾಡಿ ಒಮ್ಮೆ, ಖಾಲಿ ಗಾಡಿ ಒಮ್ಮೆ, ಒಟ್ಟು ಎರಡು ಸಾವಿರ ತೂಕ. ಇಪ್ಪತ್ತನಾಲ್ಕು ಗಂಟೆಗೆ ಹಂಚಿದರೆ 43 ಸೆಕೆಂಡಿಗೆ ಒಂದು ಸಂದೇಶ. ತಿಕೋಟಾದ ನಲವತ್ತು ಸೆನ್ಸರ್ ನಿಮಿಷಕ್ಕೊಮ್ಮೆ ಮಾತಾಡಿದರೂ ಸೆಕೆಂಡಿಗೆ ಒಂದನ್ನು ಮುಟ್ಟುವುದಿಲ್ಲ. ಈ ಲೇಖನದಲ್ಲಿ ಬರುವ ಯಾವುದೇ ಬ್ರೋಕರ್ ಹಳೆಯ ಡೆಸ್ಕ್‌ಟಾಪಿನ ಮೇಲೂ ಸೆಕೆಂಡಿಗೆ ಸಾವಿರಗಟ್ಟಲೆ ಸಂದೇಶ ಎಳೆಯುತ್ತದೆ. ಹಾಗಾಗಿ ವೇಗವನ್ನು ಪಟ್ಟಿಯಿಂದ ಹೊಡೆದುಹಾಕಿ.

ನಾನು ನೋಡುವುದು ಬೇರೆ. ಚೀಟಿ ಕೊಟ್ಟ ಸಂದೇಶ, ಪ್ಲಗ್ ಕಿತ್ತು ಹಾಕಿದಂತೆ ಕರೆಂಟ್ ಹೋದರೆ ಉಳಿಯುತ್ತದೆಯೇ? ಇದು ಮೊದಲನೆಯದು, ಹೆಚ್ಚು ತೂಕದ್ದು. ಕಳಿಸುವವರು ಯಾರು, ಬ್ಯಾಟರಿಯ ಮೇಲೆ ಕೂತ ಪುಟ್ಟ ಬೋರ್ಡೋ, ಸರ್ವರಿನಲ್ಲಿ ಓಡುವ ಪೈಥಾನ್, ಜಾವಾ ಪ್ರೋಗ್ರಾಮೋ? ಯಂತ್ರದಲ್ಲಿ ಎಷ್ಟು ರ್‍ಯಾಮ್ ಇದೆ? ಓದಿ ಮುಗಿಸಿದ ಸಂದೇಶವನ್ನು ನಾಳೆ ಮತ್ತೆ ಮೊದಲಿನಿಂದ ಓದುವ ಅಗತ್ಯ ಬರುತ್ತದೆಯೇ? ಮತ್ತೆ, ಇದನ್ನು ಯಾರೂ ಕಾಗದದ ಮೇಲೆ ಬರೆಯುವುದಿಲ್ಲ, ಹಂಗಾಮಿನ ನಡುವೆ ರಾತ್ರಿ ಎರಡಕ್ಕೆ ಕೆಟ್ಟರೆ ಎದ್ದು ಬರುವವರು ಯಾರು, ಅವರಿಗೆ ಎಷ್ಟು ಗೊತ್ತು?

ಮೊದಲನೆಯ ಪ್ರಶ್ನೆಗೆ ಇಷ್ಟು ಒತ್ತು ಕೊಡಲು ಕಾರಣವಿದೆ. ಲಿನಕ್ಸ್ ಯಾವ ಪ್ರೋಗ್ರಾಮ್ ಬರೆದದ್ದನ್ನೂ ತಕ್ಷಣ ಡಿಸ್ಕಿಗೆ ಇಳಿಸುವುದಿಲ್ಲ. ಮೊದಲು ರ್‍ಯಾಮಿನಲ್ಲಿ ಇಟ್ಟುಕೊಂಡು ಆಮೇಲೆ ಒಟ್ಟಿಗೆ ಇಳಿಸುತ್ತದೆ. 'ಈಗಲೇ ಇಳಿಸು' ಎಂದು ಹೇಳುವ ಆಜ್ಞೆಯ ಹೆಸರು ಎಫ್‌ಸಿಂಕ್. ಚೀಟಿ ಕೊಡುವ ಮೊದಲು ಎಫ್‌ಸಿಂಕ್ ಮಾಡುವ ಬ್ರೋಕರ್ ನಿಧಾನ, ಆದರೆ ನಂಬಿಗಸ್ತ. ಚೀಟಿ ಮೊದಲು ಕೊಟ್ಟು ಎಫ್‌ಸಿಂಕ್ ಆಮೇಲೆ ಮಾಡುವುದು ಚುರುಕು, ಆದರೆ ಆ ನಡುವಿನ ಕಾಲದಲ್ಲಿ ಕರೆಂಟ್ ಹೋದರೆ ಚೀಟಿ ನಿಮ್ಮ ಕೈಯಲ್ಲಿರುತ್ತದೆ, ಮಾಲು ಇರುವುದಿಲ್ಲ. ದೊಡ್ಡ ಕಂಪನಿಗಳ ಡೇಟಾ ಸೆಂಟರಿನಲ್ಲಿ ಮೂರು ಯಂತ್ರ ಮೂರು ಕಡೆ ಇರುತ್ತವೆ, ಒಂದು ಸತ್ತರೂ ಎರಡರಲ್ಲಿ ಪ್ರತಿ ಇರುತ್ತದೆ. ನಮ್ಮಲ್ಲಿ ಇರುವುದು ಕಾಟಾ ಕೋಣೆಯ ಮೂಲೆಯಲ್ಲಿ ಒಂದೇ ಯಂತ್ರ. ಬ್ಯಾಟರಿ ಸತ್ತ ಯುಪಿಎಸ್ ಅದರ ಪಕ್ಕದಲ್ಲೇ ಕೂತಿರುತ್ತದೆ.

ಬ್ರೋಕರ್ ಬೇಕೇ ಬೇಕಾ?

ಕಾರ್ಖಾನೆಯವರಿಗೆ ನಾನು ಮೊದಲು ಕೇಳಿದ್ದು ಇದನ್ನೇ. ಅವರ ಲೆಕ್ಕವೆಲ್ಲ ಆಗಲೇ ಪೋಸ್ಟ್‌ಗ್ರೆಸ್ ಡೇಟಾಬೇಸಿನಲ್ಲಿದೆ. ಅದರಲ್ಲೇ ಒಂದು ಟೇಬಲ್ ಮಾಡಿ, ಕಳಿಸಬೇಕಾದ ಎಸ್ಸೆಮ್ಮೆಸ್ಸನ್ನು ಒಂದೊಂದು ಸಾಲಾಗಿ ಬರೆದರೆ ಅದೂ ಒಂದು ಪಾಳಿಯೇ. ಎರಡು ಪ್ರೋಗ್ರಾಮ್ ಒಂದೇ ಸಾಲಿಗೆ ಕೈಹಾಕಿ ಒಬ್ಬ ರೈತನಿಗೆ ಎರಡು ಎಸ್ಸೆಮ್ಮೆಸ್ ಹೋಗುವ ತೊಂದರೆ ಹಿಂದೆ ಇತ್ತು. 2016ರ ಜನವರಿಯಲ್ಲಿ ಬಂದ 9.5ನೇ ಆವೃತ್ತಿಯಿಂದ 'ಸ್ಕಿಪ್ ಲಾಕ್ಡ್' ಎಂಬ ಸೌಲಭ್ಯವಿದೆ. ಒಬ್ಬರು ಹಿಡಿದ ಸಾಲನ್ನು ಇನ್ನೊಬ್ಬರು ದಾಟಿ ಮುಂದಿನದನ್ನು ಹಿಡಿಯುತ್ತಾರೆ.

ಇದರ ದೊಡ್ಡ ಲಾಭ ಏನೆಂದರೆ, ತೂಕ ಬರೆಯುವುದೂ ಪಾಳಿಗೆ ಹಚ್ಚುವುದೂ ಒಂದೇ ವಹಿವಾಟಿನಲ್ಲಿ ಮುಗಿಯುತ್ತವೆ. ತೂಕ ದಾಖಲಾಗಿ ಎಸ್ಸೆಮ್ಮೆಸ್ ಪಾಳಿಗೆ ಬೀಳದೆ ಹೋಯಿತು ಎಂಬ ಅರ್ಧಂಬರ್ಧ ಸ್ಥಿತಿ ಬರುವುದೇ ಇಲ್ಲ. ಪೋಸ್ಟ್‌ಗ್ರೆಸ್ ಮೂಲ ಸೆಟ್ಟಿಂಗಿನಲ್ಲೇ ಪ್ರತಿ ಕಮಿಟ್‌ಗೆ ಎಫ್‌ಸಿಂಕ್ ಮಾಡುತ್ತದೆ. ಹೊಸದಾಗಿ ಕಲಿಯುವುದಿಲ್ಲ, ಹೊಸ ಪೋರ್ಟ್ ತೆರೆಯುವುದಿಲ್ಲ, ಬ್ಯಾಕಪ್ ಬೇರೆ ಮಾಡುವುದಿಲ್ಲ. ಖರ್ಚು ಸೊನ್ನೆ.

ಇದು ಸಾಲದೆ ಬರುವುದು ಯಾವಾಗ? ಕಳಿಸುವವರು ಡೇಟಾಬೇಸ್ ಮುಟ್ಟಲಾಗದ ಸೆನ್ಸರ್ ಬೋರ್ಡುಗಳಾದಾಗ. ಒಂದೇ ಸಂದೇಶ ನಾಲ್ಕೈದು ಬೇರೆ ಬೇರೆ ಪ್ರೋಗ್ರಾಮಿಗೆ ಹೋಗಬೇಕಾದಾಗ. ಲೆಕ್ಕದ ಸಾಫ್ಟ್‌ವೇರ್ ಇನ್ನೊಬ್ಬ ಮಾರಾಟಗಾರನದ್ದಾಗಿದ್ದು ಅದರ ಡೇಟಾಬೇಸಿನಲ್ಲಿ ಟೇಬಲ್ ಮಾಡಲು ಅವನು ಬಿಡದಿದ್ದಾಗ. ಕಾರ್ಖಾನೆಯವರ ಸಮಸ್ಯೆ ಈ ಕೊನೆಯದಾಗಿತ್ತು, ಹಾಗಾಗಿ ಮುಂದೆ ಹೋಗೋಣ.

ತೋಟಕ್ಕೆ ಮಸ್ಕಿಟೊ

ಎಕ್ಲಿಪ್ಸ್ ಸಂಸ್ಥೆಯ ನೆರಳಿನಲ್ಲಿರುವ ಮಸ್ಕಿಟೊ ಎಂಕ್ಯೂಟಿಟಿ ಭಾಷೆ ಮಾತಾಡುವ ಪುಟ್ಟ ಬ್ರೋಕರ್. ಎಂಕ್ಯೂಟಿಟಿಯನ್ನು 1999ರಲ್ಲಿ ಆ್ಯಂಡಿ ಸ್ಟ್ಯಾನ್‌ಫರ್ಡ್-ಕ್ಲಾರ್ಕ್ ಮತ್ತು ಆರ್ಲೆನ್ ನಿಪ್ಪರ್ ರೂಪಿಸಿದ್ದು ತೈಲದ ಪೈಪ್‌ಲೈನುಗಳ ಮೇಲೆ ಉಪಗ್ರಹದ ಮೂಲಕ ಕಣ್ಣಿಡಲು. ದುಬಾರಿ, ದುರ್ಬಲ ಸಂಪರ್ಕದಲ್ಲಿ ಕಡಿಮೆ ಬೈಟಿನಲ್ಲಿ ಕೆಲಸ ಮುಗಿಸಬೇಕಿತ್ತು. ದ್ರಾಕ್ಷಿ ಪಡದ ನಡುವೆ ಒಂದು ಕಡ್ಡಿ ಸಿಗ್ನಲ್ ಹಿಡಿದು ಕೂತ ಬೋರ್ಡಿಗೂ ಅದೇ ಅವಸ್ಥೆ.

ಹಾಕುವುದು ಸಲೀಸು. ಉಬುಂಟು, ಡೆಬಿಯನ್ ಎರಡರ ಭಂಡಾರದಲ್ಲೂ ಇದೆ, ಪ್ಯಾಕೇಜ್ ಹಾಕುವ ಎಪಿಟಿ ಆಜ್ಞೆಯಲ್ಲಿ ಒಂದೇ ಸಾಲು. ಕೆಲವೇ ಮೆಗಾಬೈಟ್ ರ್‍ಯಾಮ್ ಸಾಕು, ರಾಸ್ಪ್‌ಬೆರಿ ಪೈ ಮೇಲೂ ಓಡುತ್ತದೆ. ಹಾಕಿದ ಕೂಡಲೇ ಮಾತ್ರ ಎಲ್ಲರೂ ಎಡವುವ ಕಲ್ಲೊಂದಿದೆ. 2020ರ ಡಿಸೆಂಬರಿನಲ್ಲಿ ಬಂದ 2.0 ಆವೃತ್ತಿಯಿಂದ, ನೀವು ಏನೂ ಹೇಳದಿದ್ದರೆ ಅದು ತನ್ನ ಯಂತ್ರದೊಳಗಿನ ಕರೆಗೆ ಮಾತ್ರ ಓಗೊಡುತ್ತದೆ. ಹೊರಗಿನ ಬೋರ್ಡಿಗೆ 'ಕನೆಕ್ಷನ್ ರೆಫ್ಯೂಸ್ಡ್' ಬರುತ್ತದೆ. ಕಾನ್ಫ್-ಡಿ ಫೋಲ್ಡರಿನಲ್ಲಿ ಒಂದು ಫೈಲ್ ಮಾಡಿ, ಲಿಸನರ್ 1883 ಎಂದು ಬರೆದು, ಪಾಸ್‌ವರ್ಡ್ ಫೈಲಿನ ದಾರಿ ಕೊಡಬೇಕು. 'ಅಲೌ ಅನಾನಿಮಸ್ ಟ್ರೂ', ಅಂದರೆ ಪಾಸ್‌ವರ್ಡ್ ಇಲ್ಲದೆ ಯಾರು ಬೇಕಾದರೂ ಬರಲಿ, ಎಂದು ಬರೆದು ಪಾರಾಗಿ ಎಂದು ಸಲಹೆ ಕೊಡುವವರು ಬಹಳ ಮಂದಿ ಸಿಗುತ್ತಾರೆ. ಅವರ ತೋಟದ ಮೋಟರನ್ನು ದಾರಿಹೋಕರು ಚಾಲೂ ಮಾಡಲಿ. ಪಾಸ್‌ವರ್ಡ್ ಮಾಡುವ ಆಜ್ಞೆಗೆ ಮೊದಲ ಸಲ ಮಾತ್ರ 'ಸಿ' ಗುರುತು ಹಚ್ಚಿ. ಎರಡನೇ ಬಳಕೆದಾರನನ್ನು ಸೇರಿಸುವಾಗಲೂ ಹಚ್ಚಿದರೆ ಫೈಲ್ ಹೊಸದಾಗಿ ಹುಟ್ಟುತ್ತದೆ, ಮೊದಲಿನವನು ಅಳಿಸಿ ಹೋಗುತ್ತಾನೆ.

ಇನ್ನು ನಮ್ಮ ಮೊದಲ ಪ್ರಶ್ನೆ. ಮಸ್ಕಿಟೊ ಪಾಳಿಯನ್ನೆಲ್ಲ ರ್‍ಯಾಮಿನಲ್ಲಿ ಇಟ್ಟುಕೊಂಡಿರುತ್ತದೆ. ಪರ್ಸಿಸ್ಟೆನ್ಸ್ ಚಾಲೂ ಇದ್ದರೆ ಡಿಸ್ಕಿಗೆ ಬರೆಯುವುದು ಮೂಲ ಸೆಟ್ಟಿಂಗಿನಲ್ಲಿ 1800 ಸೆಕೆಂಡಿಗೊಮ್ಮೆ, ಮತ್ತು ಸರಿಯಾಗಿ ಬಂದ್ ಮಾಡಿದಾಗ. ಅಂದರೆ ದಿಢೀರನೆ ಕರೆಂಟ್ ಹೋದರೆ ಅರ್ಧ ಗಂಟೆಯ ಪಾಳಿ ಗಾಳಿಗೆ ಹೋಗಬಹುದು. ಆಟೋಸೇವ್ ಇಂಟರ್ವಲ್ಲನ್ನು 60 ಸೆಕೆಂಡಿಗೆ ಇಳಿಸಿಕೊಳ್ಳಿ. ಮಣ್ಣಿನ ತೇವದ ಒಂದು ನಿಮಿಷದ ಅಂಕಿ ಹೋದರೆ ದ್ರಾಕ್ಷಿ ಬಾಡುವುದಿಲ್ಲ. ತೂಕದ ಚೀಟಿಗೆ ಈ ಮಾತು ಅನ್ವಯಿಸುವುದಿಲ್ಲ.

ಎರಡನೆಯ ಗುಂಡಿ: ಓದುವ ಪ್ರೋಗ್ರಾಮ್ ಮಲಗಿದ್ದಾಗ ಅದರ ಹೆಸರಿನಲ್ಲಿ ಮಸ್ಕಿಟೊ ಕೂಡಿಡುವುದು ಮೂಲತಃ 1000 ಸಂದೇಶ ಮಾತ್ರ. ಉಳಿದವನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ನಲವತ್ತು ಸೆನ್ಸರ್ ನಿಮಿಷಕ್ಕೆ ನಲವತ್ತು ಸಂದೇಶ ಕಳಿಸಿದರೆ 25 ನಿಮಿಷಕ್ಕೆ ಗೋದಾಮು ತುಂಬಿತು. ಊಟಕ್ಕೆ ಹೋಗಿ ಬರುವಷ್ಟರಲ್ಲಿ. ಮ್ಯಾಕ್ಸ್ ಕ್ಯೂಡ್ ಮೆಸೇಜಸ್ ಸಂಖ್ಯೆಯನ್ನು ಏರಿಸಿ. ಕೂಡಿಡುವುದಕ್ಕೂ ಷರತ್ತುಗಳಿವೆ: ಓದುವವನಿಗೆ ಬದಲಾಗದ ಕ್ಲೈಂಟ್ ಐಡಿ ಇರಬೇಕು, ಕ್ಲೀನ್ ಸೆಷನ್ (ಪ್ರತಿ ಸಲ ಹೊಸದಾಗಿ ಶುರು ಮಾಡುವುದು) ಬೇಡ ಎಂದಿರಬೇಕು, ಕ್ಯೂಒಎಸ್ ಎಂಬ ತಲುಪಿಸುವ ಭರವಸೆಯ ಮಟ್ಟ 1 ಇಲ್ಲವೇ 2 ಇರಬೇಕು.

ತಿಕೋಟಾದ ಹುಡುಗ ಮೊದಲ ದಿನ ಫೋನ್ ಮಾಡಿದ್ದು ಬೇರೆಯದಕ್ಕೆ. "ಅಣ್ಣಾ, ಒಂದು ಬೋರ್ಡ್ ಹಚ್ಚಿದ್ರ ಚಲೋ ನಡಿತೈತಿ, ಎರಡ್ನೇದು ಹಚ್ಚಿದ ಕೂಡ್ಲೆ ಎರಡೂ ಒದ್ಯಾಡತಾವು." ಒಂದೇ ಕೋಡನ್ನು ನಲವತ್ತೂ ಬೋರ್ಡಿಗೆ ತುಂಬಿದ್ದ, ಕ್ಲೈಂಟ್ ಐಡಿಯೂ ಒಂದೇ. ಎಂಕ್ಯೂಟಿಟಿಯಲ್ಲಿ ಒಂದು ಹೆಸರಿಗೆ ಒಂದೇ ಕುರ್ಚಿ. ಎರಡನೆಯವನು ಬಂದರೆ ಮೊದಲಿನವನನ್ನು ಎಬ್ಬಿಸಿ ಕಳಿಸುತ್ತದೆ, ಅವನು ಮತ್ತೆ ಬಂದು ಇವನನ್ನು ಎಬ್ಬಿಸುತ್ತಾನೆ. ಐಡಿಯ ಕೊನೆಗೆ ಬೋರ್ಡಿನ ಮ್ಯಾಕ್ ವಿಳಾಸದ ಬಾಲ ಅಂಟಿಸಿದ ಮೇಲೆ ತಣ್ಣಗಾಯಿತು.

ಕಾಟಾಗೆ ರ್‍ಯಾಬಿಟ್‌ಎಂಕ್ಯೂ

2007ರಲ್ಲಿ ಹೊರಬಂದ ಇದು ಎರ್ಲಾಂಗ್ ಭಾಷೆಯಲ್ಲಿ ಬರೆದದ್ದು. ಹಲವು ಕೈ ಬದಲಾಯಿಸಿ ಈಗ ಬ್ರಾಡ್‌ಕಾಮ್ ಮನೆಯಲ್ಲಿದೆ, ಪರವಾನಗಿ ಮಾತ್ರ ಇಂದಿಗೂ ಮೊಜಿಲ್ಲಾದ ಮುಕ್ತ ಪರವಾನಗಿಯೇ. ಒಂದು ಪ್ರೋಗ್ರಾಮಿನ ಕೆಲಸವನ್ನು ಇನ್ನೊಂದಕ್ಕೆ ಕಳೆಯದೆ ಒಪ್ಪಿಸಬೇಕಾದ ಕಡೆ ನಾನು ಕಣ್ಣುಮುಚ್ಚಿ ಹೇಳುವ ಹೆಸರು ಇದು. ಆದರೆ ಕಣ್ಣುಮುಚ್ಚಿ ಹಾಕುವ ಸಾಮಾನಲ್ಲ.

ಉಬುಂಟು 24.04ರ ಭಂಡಾರದಲ್ಲಿ ಸಿಗುವುದು 3.12 ಸರಣಿ. ಅಲ್ಲಿಂದ 4ನೇ ಸರಣಿಗೆ ನೇರ ಜಿಗಿಯಲು ಆಗುವುದಿಲ್ಲ, ನಡುವೆ 3.13ರ ಮೆಟ್ಟಿಲು ಹತ್ತಲೇಬೇಕು. ಹೊಸದಾಗಿ ಹಾಕುವವರು ರ್‍ಯಾಬಿಟ್‌ಎಂಕ್ಯೂ ತಂಡದ ಸ್ವಂತ ಭಂಡಾರವನ್ನು ಎಪಿಟಿಗೆ ಸೇರಿಸಿ, ಅವರೇ ಕೊಡುವ ಎರ್ಲಾಂಗನ್ನೂ ಅಲ್ಲಿಂದಲೇ ತೆಗೆದುಕೊಳ್ಳಿ. ಎರಡರ ಆವೃತ್ತಿ ಒಂದಕ್ಕೊಂದು ಹೊಂದಬೇಕು, ಇಲ್ಲದಿದ್ದರೆ ಏಳುವುದೇ ಇಲ್ಲ. ಹಾಕಿದ ಮೇಲೆ ಎರಡನ್ನೂ ಎಪಿಟಿ-ಮಾರ್ಕ್ ಹೋಲ್ಡ್ ಮಾಡಿಡಿ. ಜನವರಿಯಲ್ಲಿ ಕಬ್ಬಿನ ಗಾಡಿ ಗೇಟಿನಿಂದ ರಸ್ತೆಯವರೆಗೆ ನಿಂತಿರುವಾಗ ಯಾರೋ ಸುಮ್ಮನೆ ಅಪ್‌ಗ್ರೇಡ್ ಒತ್ತಿ ಹೊಸ ಆವೃತ್ತಿ ಬಂದು ಕೂರಬಾರದು. ಅಪ್‌ಗ್ರೇಡ್ ಎನ್ನುವುದು ಹಂಗಾಮು ಮುಗಿದ ಮೇಲೆ, ಬೇಸಿಗೆಯಲ್ಲಿ.

ಮ್ಯಾನೇಜ್‌ಮೆಂಟ್ ಪ್ಲಗಿನ್ ಚಾಲೂ ಮಾಡಿದರೆ 15672 ಪೋರ್ಟಿನಲ್ಲಿ ಚೆಂದದ ವೆಬ್ ಪುಟ ಬರುತ್ತದೆ. ಪಾಳಿಯಲ್ಲಿ ಎಷ್ಟು ನಿಂತಿವೆ, ಎಷ್ಟು ಹೋದವು, ಎಲ್ಲ ಕಣ್ಣೆದುರಿಗೆ. ರಾತ್ರಿ ಎರಡಕ್ಕೆ ಎದ್ದು ಬರುವವರಿಗೆ ಇಷ್ಟು ಸರಳವಾಗಿ ಒಳಗಿನದ್ದನ್ನು ತೋರಿಸುವ ಬ್ರೋಕರ್ ಇನ್ನೊಂದಿಲ್ಲ. ನನ್ನ ಆಯ್ಕೆಯಲ್ಲಿ ಇದರ ಪಾಲು ದೊಡ್ಡದು. ಗೆಸ್ಟ್ ಎಂಬ ಬಳಕೆದಾರ ಅದೇ ಯಂತ್ರದಿಂದ ಮಾತ್ರ ಒಳಗೆ ಬರಬಲ್ಲ, ಹೊಸ ಬಳಕೆದಾರನನ್ನು ಮಾಡಿಕೊಂಡು ಗೆಸ್ಟ್‌ನನ್ನು ಅಳಿಸಿ.

ಕರೆಂಟಿನ ಪ್ರಶ್ನೆಗೆ ಇದರ ಉತ್ತರ ನೀವು ಯಾವ ಬಗೆಯ ಪಾಳಿ ಮಾಡುತ್ತೀರಿ ಎಂಬುದರ ಮೇಲಿದೆ. ಹಳೆಯ ಕ್ಲಾಸಿಕ್ ಪಾಳಿಯಲ್ಲಿ, ಪಾಳಿ ಡ್ಯುರಬಲ್ ಎಂದು ಗುರುತಿಸಿದ ಮಾತ್ರಕ್ಕೆ ಸಂದೇಶ ಉಳಿಯುವುದಿಲ್ಲ, ಪ್ರತಿ ಸಂದೇಶವನ್ನೂ ಪರ್ಸಿಸ್ಟೆಂಟ್ ಎಂದು ಕಳಿಸಬೇಕು. ಅರ್ಧ ಜನ ಇಲ್ಲೇ ಜಾರುತ್ತಾರೆ. ಗೋದಾಮು ಪಕ್ಕಾ ಕಟ್ಟಿದೆ, ಚೀಲ ಅಂಗಳದಲ್ಲಿ ಬಿದ್ದಿವೆ! 2019ರಲ್ಲಿ 3.8ರ ಜೊತೆ ಬಂದ ಕ್ವೋರಮ್ ಪಾಳಿಯಲ್ಲಿ ಈ ಗೊಂದಲವಿಲ್ಲ. ಎಲ್ಲವೂ ಡಿಸ್ಕಿಗೆ ಇಳಿದು, ಎಫ್‌ಸಿಂಕ್ ಆದ ಮೇಲೆಯೇ ಚೀಟಿ. ಮೂರು ಯಂತ್ರಕ್ಕಾಗಿ ಮಾಡಿದ್ದಾದರೂ ಒಂದೇ ಯಂತ್ರದ ಮೇಲೂ ನಡೆಯುತ್ತದೆ. ಕಾಟಾಗೆ ನಾನು ಹಾಕುವುದು ಇದನ್ನೇ. ಕಳಿಸುವ ಪ್ರೋಗ್ರಾಮ್ ಪಬ್ಲಿಷರ್ ಕನ್‌ಫರ್ಮ್ ಎಂಬ ಆ ಚೀಟಿಗೆ ಕಾಯುವಂತೆ ಬರೆದಿರಬೇಕು, ಓದುವ ಪ್ರೋಗ್ರಾಮ್ ಎಸ್ಸೆಮ್ಮೆಸ್ ಹೋದ ಮೇಲಷ್ಟೇ 'ಆಯಿತು' ಅನ್ನಬೇಕು. ಇವೆರಡು ಇಲ್ಲದಿದ್ದರೆ ಬ್ರೋಕರ್ ಎಷ್ಟು ಪ್ರಾಮಾಣಿಕವಾಗಿದ್ದೂ ಪ್ರಯೋಜನವಿಲ್ಲ.

ಡಿಸ್ಕಿನಲ್ಲಿ ಜಾಗ 50 ಮೆಗಾಬೈಟಿಗಿಂತ ಕಡಿಮೆಯಾದರೆ ರ್‍ಯಾಬಿಟ್‌ಎಂಕ್ಯೂ ಕಳಿಸುವವರನ್ನೆಲ್ಲ ಬಾಗಿಲಲ್ಲೇ ನಿಲ್ಲಿಸುತ್ತದೆ. ಬಿಟ್ಟಂತೆಯೇ ಇರುವ ಆ 50 ತೀರಾ ಕಡಿಮೆ, ಒಂದೆರಡು ಗಿಗಾಬೈಟಿಗೆ ಏರಿಸಿಡಿ. ರ್‍ಯಾಮ್ ಮಿತಿ ದಾಟಿದರೂ ಇದೇ ಕಥೆ. ಕೆಲಸವಿಲ್ಲದಾಗಲೇ ನೂರು ಮೆಗಾಬೈಟಿಗೂ ಮಿಕ್ಕಿ ತಿನ್ನುತ್ತದೆ, ಯಂತ್ರದಲ್ಲಿ 2 ಗಿಗಾಬೈಟ್ ಇದ್ದರೆ ನಿಶ್ಚಿಂತೆ.

ನನ್ನ ಸ್ವಂತ ಪೆಟ್ಟೊಂದನ್ನು ಹೇಳಿಬಿಡುತ್ತೇನೆ. ಕೆಲವು ವರ್ಷದ ಹಿಂದೆ ಒಂದು ಕಾಟಾದಲ್ಲಿ ಎಲ್ಲ ಚೆನ್ನಾಗಿ ನಡೆದಿತ್ತು. ಸರ್ವರಿನ ಹೆಸರು ಬರೇ 'ಉಬುಂಟು' ಎಂದಿತ್ತು, ನನಗೆ ಅದು ಕಣ್ಣಿಗೆ ಚುಚ್ಚುತ್ತಿತ್ತು. ಒಂದು ಮಧ್ಯಾಹ್ನ ಹೋಸ್ಟ್‌ನೇಮ್ ಬದಲಿಸಿ 'ಕಾಟಾ-1' ಅಂತಿಟ್ಟು ರೀಬೂಟ್ ಮಾಡಿದೆ. ರ್‍ಯಾಬಿಟ್‌ಎಂಕ್ಯೂ ನಗುನಗುತ್ತ ಎದ್ದಿತು, ಹಸುಗೂಸಿನ ಹಾಗೆ. ಪಾಳಿ ಇಲ್ಲ, ಬಳಕೆದಾರರಿಲ್ಲ, ಕಾಯುತ್ತಿದ್ದ ತೂಕದ ಸಂದೇಶ ಒಂದೂ ಇಲ್ಲ. ಕಾಟಾ ಗುಮಾಸ್ತರು ಬಾಗಿಲಲ್ಲಿ ನಿಂತು, "ಏನರೆ ಆತೇನ್ರಿ?" ಅಂದರು. "ಏನಿಲ್ಲ, ಚಹಾ ಹೇಳ್ರಿ" ಅಂದೆ. ಬೆವರು ಇಳಿಯುತ್ತಿತ್ತು. ವಿಷಯ ಇಷ್ಟು: ಇದು ತನ್ನ ಡೇಟಾ ಫೋಲ್ಡರಿಗೆ ಯಂತ್ರದ ಹೆಸರು ಸೇರಿಸಿ ಹೆಸರಿಡುತ್ತದೆ. ಹೆಸರು ಬದಲಾದರೆ ತಾನೊಬ್ಬ ಹೊಸಬ ಎಂದುಕೊಂಡು ಹೊಸ ಫೋಲ್ಡರ್ ತೆರೆಯುತ್ತದೆ. ಹಳೆಯದು ಪಕ್ಕದಲ್ಲೇ ಸುರಕ್ಷಿತವಾಗಿತ್ತು. ಹೆಸರನ್ನು ಹಿಂದಿನಂತೆ ಮಾಡಿ ಮತ್ತೆ ಎಬ್ಬಿಸಿದಾಗ ಎಲ್ಲ ಮರಳಿತು, ಚಹಾ ಬರುವ ಮೊದಲೇ. ಈಗ ಒಂಟಿ ಯಂತ್ರದಲ್ಲಿ ಹಾಕುವಾಗ ಮೊದಲ ಕೆಲಸವೇ ಎನ್ವ್ ಕಾನ್ಫ್ ಫೈಲಿನಲ್ಲಿ ನೋಡ್‌ನೇಮ್ ಅನ್ನು 'ರ್‍ಯಾಬಿಟ್ ಆ್ಯಟ್ ಲೋಕಲ್‌ಹೋಸ್ಟ್' ಎಂದು ಕಟ್ಟಿಹಾಕುವುದು. ಆಮೇಲೆ ಯಂತ್ರಕ್ಕೆ ಯಾರು ಏನು ನಾಮಕರಣ ಮಾಡಿದರೂ ಚಿಂತೆಯಿಲ್ಲ.

ಎಂಕ್ಯೂಟಿಟಿ ಪ್ಲಗಿನ್ ಕೂಡ ಇದರಲ್ಲಿದೆ. ಸೆನ್ಸರೂ ಇವೆ, ಪ್ರೋಗ್ರಾಮುಗಳೂ ಇವೆ ಎನ್ನುವವರು ಎರಡು ಬ್ರೋಕರ್ ಸಾಕುವ ಬದಲು ಇದೊಂದರಲ್ಲೇ ಮುಗಿಸಬಹುದು. ಸೆನ್ಸರ್ ಮಾತ್ರ ಇರುವವರಿಗೆ ಇದು ಸೊಳ್ಳೆ ಹೊಡೆಯಲು ಒನಕೆ.

ಕಾಫ್ಕಾ, ಮತ್ತು ಅಳಿಯಂದಿರು

ಲಿಂಕ್ಡ್‌ಇನ್‌ನಲ್ಲಿ ಹುಟ್ಟಿ 2011ರಲ್ಲಿ ಮುಕ್ತವಾದ ಕಾಫ್ಕಾದ ಮೂವರು ಕರ್ತೃಗಳಲ್ಲಿ ನೇಹಾ ನಾರ್ಖೇಡೆ ಒಬ್ಬರು, ಬೆಳೆದದ್ದು ನಮ್ಮ ನೆರೆಯ ಪುಣೆಯಲ್ಲಿ. ಅಭಿಮಾನ ಪಡೋಣ, ಫೌಂಡ್ರಿಗೆ ಹಾಕುವುದು ಬೇಡ.

ಕಾಫ್ಕಾ ಪಾಳಿಗಿಂತ ಖಾತೆ ಪುಸ್ತಕಕ್ಕೆ ಹತ್ತಿರ. ಸಂದೇಶ ಓದಿದ ಮೇಲೂ ಅಳಿಯುವುದಿಲ್ಲ, ಮೂಲ ಸೆಟ್ಟಿಂಗಿನಲ್ಲಿ 168 ಗಂಟೆ, ಅಂದರೆ ಏಳು ದಿನ ಇರುತ್ತದೆ. ನಾಳೆ ಬಂದ ಹೊಸ ಪ್ರೋಗ್ರಾಮ್ ಮೊದಲ ಪುಟದಿಂದ ಓದಬಹುದು. ಇದು ದೊಡ್ಡ ಶಕ್ತಿ, ಹಲವು ತಂಡಗಳು ಒಂದೇ ಹರಿವನ್ನು ಬೇರೆ ಬೇರೆ ರೀತಿ ಓದುವ ಕಡೆ ಇದಕ್ಕೆ ಸಾಟಿಯಿಲ್ಲ. 2025ರ ಮಾರ್ಚಿನಲ್ಲಿ ಬಂದ 4.0ರಲ್ಲಿ ಜೊತೆಗೇ ಓಡಿಸಬೇಕಿದ್ದ ಝೂಕೀಪರ್ ಎಂಬ ಎರಡನೇ ತಲೆನೋವು ಪೂರ್ತಿ ಹೋಗಿದೆ, ಈಗ ಹಾಕುವುದು ಮೊದಲಿಗಿಂತ ಸುಲಭ. ಸರ್ವರಿಗೆ ಜಾವಾ 17 ಬೇಕು, ಸ್ಟೋರೇಜ್ ಫಾರ್ಮ್ಯಾಟ್ ಮಾಡುವ ಒಂದು ಹೆಜ್ಜೆ ಇದೆ. ಅಡ್ವರ್ಟೈಸ್ಡ್ ಲಿಸನರ್ಸ್ ಸಾಲಿನಲ್ಲಿ ಲೋಕಲ್‌ಹೋಸ್ಟ್ ಬಿಟ್ಟರೆ ಬೇರೆ ಯಂತ್ರದಿಂದ ಬಂದವರಿಗೆ 'ನಿನ್ನ ಮನೆಯಲ್ಲೇ ಹುಡುಕು' ಎಂದು ಹೇಳಿ ಕಳಿಸುತ್ತದೆ.

ಕರೆಂಟಿನ ವಿಷಯದಲ್ಲಿ ಇದು ಪ್ರತಿ ಸಂದೇಶಕ್ಕೆ ಎಫ್‌ಸಿಂಕ್ ಮಾಡುವುದಿಲ್ಲ. ಬೇರೆ ಯಂತ್ರಗಳಲ್ಲಿರುವ ಪ್ರತಿಗಳನ್ನು ನಂಬಿ ನಡೆಯುವ ವಿನ್ಯಾಸ ಅದರದ್ದು. ಹಾಗಾಗಿ ಒಂದೇ ಯಂತ್ರದ ಕಾಫ್ಕಾ ಅಂದರೆ ಅದರ ಖರ್ಚೆಲ್ಲ ನಿಮ್ಮದು, ಭರವಸೆ ಅರ್ಧ. ಮೂರು ಯಂತ್ರ, ತಲಾ ನಾಲ್ಕರಿಂದ ಎಂಟು ಗಿಗಾಬೈಟ್ ರ್‍ಯಾಮ್, ಮತ್ತೆ ಆ ಮೂರೂ ಒಂದೇ ಯುಪಿಎಸ್ಸಿಗೆ ಹಚ್ಚಿದ್ದರೆ ಮತ್ತೆ ಮೊದಲಿನದೇ ಹಾಡು.

ಫೌಂಡ್ರಿ ಮಾಲೀಕರಿಗೆ ನಾನು ಹೇಳಿದ್ದು: ಯಂತ್ರಗಳನ್ನು ನಡೆಸುವ ಪಿಎಲ್‌ಸಿ ಪೆಟ್ಟಿಗೆ ಮಾಡ್‌ಬಸ್ ಎಂಬ ಕಾರ್ಖಾನೆ ಭಾಷೆ ಮಾತಾಡುತ್ತದೆ, ಒಂದು ನೋಡ್-ರೆಡ್ ಎಂಬ ಜೋಡಿಸುವ ಪ್ರೋಗ್ರಾಮ್ ಇಟ್ಟು ಅದನ್ನು ಎಂಕ್ಯೂಟಿಟಿಗೆ ತಿರುಗಿಸಿ, ಮಸ್ಕಿಟೊ ಮೂಲಕ ಪೋಸ್ಟ್‌ಗ್ರೆಸ್‌ಗೆ ತುಂಬಿ. ಮೂರು ತಿಂಗಳ ನಂತರ ಯಾವ ಎರಕ ಯಾಕೆ ರಿಜೆಕ್ಟ್ ಆಯಿತು ಎಂದು ಹುಡುಕುವುದು ಡೇಟಾಬೇಸಿನ ಕೆಲಸ. "ಹಂಗಾದ್ರ ಅಳಿಯಾಗ ಏನ ಹೇಳ್ಲಿ?" ಅಂದರು. "ಹತ್ತು ಫೌಂಡ್ರಿ ಆದ ಮ್ಯಾಲ ಹಾಕ್ತೀನಿ ಅನ್ರಿ."

ಉಳಿದವು

ನ್ಯಾಟ್ಸ್ ನನಗೆ ಇಷ್ಟವಾದದ್ದು. ಗೋ ಭಾಷೆಯಲ್ಲಿ ಬರೆದ ಒಂದೇ ಫೈಲ್. ಇಳಿಸಿ, ಸಿಸ್ಟಮ್‌ಡಿಗೆ ಒಂದು ಯೂನಿಟ್ ಬರೆದರೆ ಹಾಕಿದ್ದಾಯಿತು. ರ್‍ಯಾಮ್ ತಿನ್ನುವುದೂ ಕಡಿಮೆ, ತಿಂಗಳಿಗೆ ಐನೂರು-ಆರುನೂರು ರೂಪಾಯಿಯ 1 ಗಿಗಾಬೈಟ್ ಕ್ಲೌಡ್ ಯಂತ್ರದಲ್ಲಿ ಹಾಯಾಗಿರುತ್ತದೆ. ಆದರೆ ಬರೇ ನ್ಯಾಟ್ಸ್ ಏನನ್ನೂ ಕೂಡಿಡುವುದಿಲ್ಲ, ಕೇಳುವವರಿಲ್ಲದಿದ್ದರೆ ಸಂದೇಶ ಅಲ್ಲಿಗೇ ಮುಗಿಯಿತು. ಕೂಡಿಡಲು 2021ರಲ್ಲಿ ಬಂದ ಜೆಟ್‌ಸ್ಟ್ರೀಮ್ ಚಾಲೂ ಮಾಡಬೇಕು. ಜೆಟ್‌ಸ್ಟ್ರೀಮ್ ಚೀಟಿ ಕೊಡುವುದು ಮೊದಲು, ಎಫ್‌ಸಿಂಕ್ ಮೂಲ ಸೆಟ್ಟಿಂಗಿನಲ್ಲಿ ಎರಡು ನಿಮಿಷಕ್ಕೊಮ್ಮೆ. ಸಿಂಕ್ ಇಂಟರ್ವಲ್ಲನ್ನು 'ಆಲ್ವೇಸ್' ಮಾಡಿದರೆ ನಿಧಾನವಾದರೂ ನಂಬಬಹುದು. ನಮ್ಮ ಪ್ರಮಾಣಕ್ಕೆ ಆ ನಿಧಾನ ಲೆಕ್ಕಕ್ಕೇ ಬರುವುದಿಲ್ಲ. ಇಷ್ಟು ಮಾಡಿದರೆ ಕಾಟಾಗೂ ಆದೀತು. ತೊಡಕು ಒಂದೇ: ಕೆಟ್ಟಾಗ ಕೇಳಲು ಊರಿನಲ್ಲಿ ಗೊತ್ತಿರುವವರು ಸಿಗುವುದಿಲ್ಲ, ರ್‍ಯಾಬಿಟ್‌ಎಂಕ್ಯೂ ಕಂಡವರು ಒಬ್ಬರಾದರೂ ಸಿಗುತ್ತಾರೆ.

ರ್‍ಯಾಮಿನಲ್ಲಿ ಡೇಟಾ ಇಡುವ ರೆಡಿಸ್ ಅನ್ನು ಕ್ಯಾಶ್‌ಗಾಗಿ (ಬೇಗ ಸಿಗಲೆಂದು ಕೈಗೆಟುಕುವಂತೆ ಇಡಲು) ಆಗಲೇ ಹಾಕಿಕೊಂಡವರು ಅದರ ಸ್ಟ್ರೀಮ್ಸ್‌ನಲ್ಲೇ ಪಾಳಿ ನಡೆಸುತ್ತಾರೆ. ನಡೆಸಬಹುದು, ಆದರೆ ಪ್ರತಿ ಬರಹವನ್ನೂ ಡಿಸ್ಕಿನ ಫೈಲಿಗೆ ಸೇರಿಸುತ್ತ ಹೋಗುವ ಎಒಎಫ್ ಚಾಲೂ ಮಾಡಿ. ಆಗ ಹೋಗುವುದು ಹೆಚ್ಚೆಂದರೆ ಸೆಕೆಂಡಿನ ಆಸುಪಾಸಿನ ಸಂದೇಶ. ಪರವಾನಗಿಯ ಬಗ್ಗೆ ಕಟ್ಟುನಿಟ್ಟಿನವರಿಗೆ ಒಂದು ಮಾತು: 2024ರಲ್ಲಿ ರೆಡಿಸ್ ಮುಕ್ತ ಪರವಾನಗಿ ಬಿಟ್ಟಾಗ ಲಿನಕ್ಸ್ ಫೌಂಡೇಶನ್ ಆಸರೆಯಲ್ಲಿ ವ್ಯಾಲ್ಕೀ ಕವಲೊಡೆಯಿತು. 2025ರಲ್ಲಿ ರೆಡಿಸ್ 8 ಎಜಿಪಿಎಲ್ ಎಂಬ ಮುಕ್ತ ಪರವಾನಗಿಯ ಅಡಿಯಲ್ಲಿ ಮರಳಿದೆ. ಹೊಸದಾಗಿ ಹಾಕುವವರು ವ್ಯಾಲ್ಕೀ ಹಾಕಿ ಸುಮ್ಮನಿರಿ.

ಆ್ಯಕ್ಟಿವ್‌ಎಂಕ್ಯೂ ಆರ್ಟೆಮಿಸ್ ಜಾವಾದವರಿಗೆ. ಮೂಲ ಸೆಟ್ಟಿಂಗಿನಲ್ಲೇ ಡಿಸ್ಕಿಗೆ ಇಳಿಸಿ ಚೀಟಿ ಕೊಡುವ ಸಭ್ಯ ಬ್ರೋಕರ್. ನಿಮ್ಮ ಸಾಫ್ಟ್‌ವೇರ್ ಜಾವಾದ ಸಂದೇಶ ಪದ್ಧತಿಯಾದ ಜೆಎಂಎಸ್ ಬೇಕೇ ಬೇಕು ಅಂದರೆ ಯೋಚಿಸದೆ ಇದನ್ನು ಹಾಕಿ, ಇಲ್ಲದಿದ್ದರೆ ಕಾರಣವಿಲ್ಲ. ಇದರ ಅಣ್ಣ ಆ್ಯಕ್ಟಿವ್‌ಎಂಕ್ಯೂ ಕ್ಲಾಸಿಕ್‌ನಲ್ಲಿ 2023ರ ಅಕ್ಟೋಬರಿನಲ್ಲಿ ದೊಡ್ಡ ತೂತು ಕಂಡಿತ್ತು. 61616 ಪೋರ್ಟನ್ನು ಇಂಟರ್ನೆಟ್ಟಿಗೆ ತೆರೆದಿಟ್ಟವರ ಯಂತ್ರಕ್ಕೆ ರ್‍ಯಾನ್ಸಮ್‌ವೇರ್ ನುಗ್ಗಿತು. ಹಾಗಾಗಿ ಯಾವ ಬ್ರೋಕರ್ ಹಾಕಿದರೂ ಯುಎಫ್‌ಡಬ್ಲ್ಯು ಎಂಬ ಫೈರ್‌ವಾಲ್‌ನಲ್ಲಿ ನಿಮ್ಮ ಒಳ ಜಾಲದ ವಿಳಾಸಗಳಿಗೆ ಮಾತ್ರ ಬಾಗಿಲು ತೆರೆಯಿರಿ. ಹೊರಗಿಂದ ನೋಡಬೇಕಾದರೆ ಎಸ್‌ಎಸ್‌ಎಚ್ ಸುರಂಗ ಇದೆ. ತೋಟದ ಬೋರ್ಡುಗಳು ಮೊಬೈಲ್ ಡೇಟಾದಲ್ಲಿ ಬರುತ್ತವೆ ಅಂದರೆ 8883 ಪೋರ್ಟಿನಲ್ಲಿ ಟಿಎಲ್‌ಎಸ್ ಎಂಬ ಗೂಢಲಿಪಿ ಹಚ್ಚಿ, 1883 ಮುಚ್ಚಿಡಿ.

ದುಡ್ಡು ಎಲ್ಲಿ ಹಾಕಬೇಕು

ಇವು ಎಲ್ಲವೂ ಪುಕ್ಕಟೆ. ಖರ್ಚಾಗುವುದು ಯಂತ್ರಕ್ಕೆ, ಮತ್ತೆ ನಿದ್ದೆಗೆ. ಎರಡನೇ ಸರ್ವರ್ ಕೊಳ್ಳುವ ಮೊದಲು ಯುಎಸ್‌ಬಿ ತಂತಿ ಇರುವ ಒಂದು ಯುಪಿಎಸ್ ಕೊಳ್ಳಿ. ಲಿನಕ್ಸಿನಲ್ಲಿ ನಟ್ ಎಂಬ ಪ್ಯಾಕೇಜಿದೆ. ಬ್ಯಾಟರಿ ಕೊನೆಗೆ ಬಂದಾಗ ಯುಪಿಎಸ್ ಹೇಳುವುದನ್ನು ಕೇಳಿಸಿಕೊಂಡು ಯಂತ್ರವನ್ನು ಸರಿಯಾಗಿ ಬಂದ್ ಮಾಡುತ್ತದೆ. ಸರಿಯಾಗಿ ಬಂದ್ ಆದರೆ ಮಸ್ಕಿಟೊ ತನ್ನ ಪಾಳಿ ಬರೆದಿಟ್ಟೇ ಮಲಗುತ್ತದೆ, ನ್ಯಾಟ್ಸಿನ ಎರಡು ನಿಮಿಷದ ಪ್ರಶ್ನೆಯೂ ಏಳುವುದಿಲ್ಲ. ಅಗ್ಗದ ಎಸ್‌ಎಸ್‌ಡಿಗಳಲ್ಲಿ ಕೆಲವು ಎಫ್‌ಸಿಂಕ್‌ಗೆ 'ಆಯಿತು' ಎಂದು ಸುಳ್ಳು ಹೇಳುವುದೂ ಉಂಟು. ಕಾಟಾದಂಥ ಕಡೆ ಪವರ್-ಲಾಸ್ ಪ್ರೊಟೆಕ್ಷನ್ ಇರುವ ಡಿಸ್ಕಿಗೆ ಹೆಚ್ಚುವರಿ ದುಡ್ಡು ಹಾಕುವುದು ದಂಡವಲ್ಲ.

ಕಾರ್ಖಾನೆಯವರು ಕೊನೆಗೆ ರ್‍ಯಾಬಿಟ್‌ಎಂಕ್ಯೂ ಹಾಕಿಕೊಂಡರು, ತಿಕೋಟಾದ ಹುಡುಗ ಮಸ್ಕಿಟೊ. ನಿಮ್ಮದು ಇಬ್ಬರ ನಡುವೆ ಎಲ್ಲೋ ಇರಬಹುದು. ಎರಡು ಬ್ರೋಕರ್ ನಡುವೆ ತೂಗಾಡುತ್ತಿದ್ದರೆ ಎರಡನ್ನೂ ಹಾಕಿ ಒಂದು ಪರೀಕ್ಷೆ ಮಾಡಿ, ದಸರೆಗೆ ಮೊದಲೇ. ಒಂದರಿಂದ ಹತ್ತು ಸಾವಿರದವರೆಗೆ ಅಂಕಿ ಬರೆದ ಸಂದೇಶಗಳನ್ನು ಸಾಲಾಗಿ ಕಳಿಸುವ ಪುಟ್ಟ ಸ್ಕ್ರಿಪ್ಟ್ ಬರೆಯಿರಿ. ಚೀಟಿ ಬಂದ ಅಂಕಿಗಳನ್ನು ಬೇರೊಂದು ಲ್ಯಾಪ್‌ಟಾಪಿನಲ್ಲಿ ಬರೆದಿಟ್ಟುಕೊಳ್ಳಿ. ಐದಾರು ಸಾವಿರ ದಾಟಿದಾಗ ಸರ್ವರಿನ ಪ್ಲಗ್ ಕಿತ್ತು, ಮತ್ತೆ ಹಚ್ಚಿ, ಪಾಳಿಯಲ್ಲಿ ಉಳಿದದ್ದನ್ನು ಎಣಿಸಿ. ಚೀಟಿ ಬಂದೂ ಪಾಳಿಯಲ್ಲಿ ಸಿಗದ ಅಂಕಿಗಳೇ ಆ ಬ್ರೋಕರ್ ನಿಮಗೆ ಹಾಕುವ ಕಮಿಷನ್. ಪ್ಲಗ್ ಕೀಳುವ ಮೊದಲು ಲೆಕ್ಕದವರಿಗೆ ಒಂದು ಮಾತು ಹೇಳಿರಿ. ಹತ್ತರಲ್ಲಿ ಒಂಬತ್ತು ಆಫೀಸಿನಲ್ಲಿ ಅವರ ಟ್ಯಾಲಿ ಕಂಪ್ಯೂಟರೂ ಅದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ನೇತಾಡುತ್ತಿರುತ್ತದೆ.